ಜಗಲಿಯ ದೊರೆಗೆ ಬೆಲೆ ಕಟ್ಟಿದ್ದು

ಮನೆ ಪಾಲಾಗುವಾಗ ಜಮೀನಿಗೆ ಬೆಲೆ ಕಟ್ಟುವುದು ಕಷ್ಟವಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಇರುತ್ತದೆ, ಪಕ್ಕದ ತೋಟ ಎಷ್ಟಕ್ಕೆ ಹೋಯಿತು ಅನ್ನುವ ಊರ ಮಾತೂ ಇರುತ್ತದೆ. ಚಿನ್ನಕ್ಕೆ ಅವತ್ತಿನ ಪೇಟೆ ದರ. ಹಂಡೆ, ಕೊಳಗ, ಕಡಾಯಿಗಳಿಗೆ ತಕ್ಕಡಿ. ಈ ಯಾವ ಲೆಕ್ಕಕ್ಕೂ ಸಿಗದೆ ನಮ್ಮ ಪಟ್ಟಿಯ ಕೊನೆಯಲ್ಲಿ ಬೆಲೆಯ ಜಾಗ ಖಾಲಿ ಬಿಟ್ಟುಕೊಂಡು ಕೂತಿದ್ದು ಜಗಲಿಯ ಗೋಡೆಯ ಮೇಲಿದ್ದ ದೊರೆಯ ಪಟ ಒಂದೇ.

ಮೂಡಿಗೆರೆ ಸೀಮೆಯ ನಮ್ಮ ಹಳೇ ಮನೆಗೆ ಬಂದವರ ಕಣ್ಣು ಮೊದಲು ಬೀಳುತ್ತಿದ್ದುದೇ ಅದರ ಮೇಲೆ. ಎರಡಡಿ ಎತ್ತರ, ಒಂದೂವರೆ ಅಡಿ ಅಗಲ. ಹೊಗೆ ಕುಡಿದು ಕಪ್ಪಾದ ದಪ್ಪ ಚೌಕಟ್ಟು. ಒಳಗೆ ಕೆಂಪು ಕೋಟು ತೊಟ್ಟ, ನರೆತ ಗಡ್ಡದ, ನೆತ್ತಿ ಬೋಳಾದ ಬಿಳಿಯ. ಎಡಭುಜದಿಂದ ಬಲಸೊಂಟಕ್ಕೆ ಇಳಿದ ಅಗಲವಾದ ನೀಲಿ ಪಟ್ಟಿ, ಎದೆಯ ಮೇಲೆ ನಕ್ಷತ್ರದ ಆಕಾರದ ಪದಕ. ಹೆಸರಿಲ್ಲ, ಸಹಿ ಇಲ್ಲ, ಇಸವಿ ಇಲ್ಲ.

ಕಥೆಗಳಿಗೆ ಮಾತ್ರ ಬರ ಇರಲಿಲ್ಲ. ದೊಡ್ಡಪ್ಪನ ಪ್ರಕಾರ ಅದು ನಮ್ಮ ಮುತ್ತಜ್ಜನಿಗೆ ತೋಟ ಮಾರಿ ಇಂಗ್ಲೆಂಡಿಗೆ ವಾಪಸು ಹೋದ ಪ್ಲಾಂಟರ್ ದೊರೆ. ಹೋಗುವಾಗ ನೆನಪಿಗೆಂದು ತನ್ನದೇ ಪಟ ಕೊಟ್ಟು ಹೋದ. ಚಿಕ್ಕಪ್ಪನ ಪ್ರಕಾರ ಅದು ರವಿವರ್ಮ ಬರೆದ ತೈಲಚಿತ್ರ, ಮೈಸೂರಿನಿಂದ ಬಂದದ್ದು. ಅತ್ತೆ ಯಾರೋ ದಿವಾನರು ಅನ್ನುತ್ತಿದ್ದರು. ಮೈಸೂರಿನ ಯಾವ ದಿವಾನರಿಗೆ ಅಂಥ ಬಿಳಿ ಮೈಬಣ್ಣ ಇತ್ತು ಎಂದು ಯಾರೂ ಕೇಳಿರಲಿಲ್ಲ. ಎಷ್ಟೋ ಹಬ್ಬದೂಟದ ಪಂಕ್ತಿಯಲ್ಲಿ ಈ ಮೂರೂ ಕಥೆ ಅಕ್ಕಪಕ್ಕ ಕೂತು ಹೇಳಿಸಿಕೊಂಡಿವೆ, ಒಬ್ಬರು ಇನ್ನೊಬ್ಬರನ್ನು ತಿದ್ದಿದ್ದಿಲ್ಲ. ಪಾಲಿನ ಮಾತು ಎದ್ದ ಮೇಲೆ ತಿದ್ದಲು ಶುರು ಮಾಡಿದರು.

"ರವಿವರ್ಮಂದು ಅಂದ್ರೆ ಲಕ್ಷದ ಮೇಲೆ ಮಾತಾಡ್ಬೇಕು. ಸುಮ್ನೆ ಗೋಡೆ ಮೇಲಿಂದ ಇಳ್ಸಿ ಯಾರಿಗೋ ಕೊಡಕ್ಕಾಗಲ್ಲ," ಅಂದರು ಚಿಕ್ಕಪ್ಪ.

"ಲಕ್ಷನೋ ಗಿಕ್ಷನೋ, ಅದು ಈ ಮನೆ ಬಿಟ್ಟು ಹೋಗಲ್ಲ," ಅಂದರು ದೊಡ್ಡಪ್ಪ. ಹಳೇ ಮನೆ ಅವರ ಪಾಲಿಗೆ ಬಂದಾಗಿತ್ತು.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆಯುವವಳು. ಅಪ್ಪ ಇಲ್ಲದ್ದರಿಂದ ಅವರ ಪಾಲಿನ ಪರವಾಗಿ ಕೂತಿದ್ದೂ ನಾನೇ, ಸಾಮಾನಿನ ಪಟ್ಟಿ ಬರೆದವಳೂ ನಾನೇ. ಹಾಗಾಗಿ ಪಟದ ಬೆಲೆ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು. ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟಾಗುತ್ತೆ? ಬೀಜ ಗ್ರೇಡ್ ಆಗುವ ಮೊದಲೇ ಮೂಟೆಗೆ ದರ ಕೇಳುವ ಹಾಗಿತ್ತು ಅದು. ಇದು ಕೈಯಿಂದ ಬರೆದದ್ದೋ ಅಚ್ಚು ಹಾಕಿದ್ದೋ, ಅಚ್ಚಾದರೆ ಯಾವ ಬಗೆಯದ್ದು, ಚಿತ್ರದಲ್ಲಿರುವುದು ಯಾರು, ಎಲ್ಲಿ ಯಾವಾಗ ಆದದ್ದು, ಈಗ ಯಾವ ಸ್ಥಿತಿಯಲ್ಲಿದೆ: ಇಷ್ಟು ಗೊತ್ತಾಗದೆ ಯಾರಿಗೂ ಬೆಲೆ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.

ಪಟ ಇಳಿಸುವಾಗ ಅತ್ತೆ ಒದ್ದೆ ಬಟ್ಟೆ ಹಿಡಿದು ತಯಾರಾಗಿ ನಿಂತಿದ್ದರು. ತಡೆದೆ. ಗಾಜಿನ ಅಂಚಿನಿಂದ ಒಂದು ಹನಿ ಒಳಗಿಳಿದರೂ ಹಳೇ ಕಾಗದ ಕಲೆಗಟ್ಟುತ್ತದೆ; ಜೊತೆಗೆ, ಒರೆಸುವ ಉತ್ಸಾಹದಲ್ಲಿ ಹಿಂದಿನ ಚೀಟಿ, ಪೆನ್ಸಿಲ್ ಗುರುತು ಏನಾದರೂ ಇದ್ದರೆ ಅದೂ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಧೂಳು, ಹಲ್ಲಿ ಹಿಕ್ಕೆ ತೆಗೆದು, ಹಿಂದೆ ಮುಂದೆ ನಾಲ್ಕೂ ಮೂಲೆ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡೆ.

ಮೊದಲ ಉತ್ತರ ಅವತ್ತು ರಾತ್ರಿಯೇ ಸಿಕ್ಕಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ವಿಶೇಷವಲ್ಲ; ಆ ಕತ್ತಲೆ ಉಪಯೋಗಕ್ಕೆ ಬಂತು. ಪಟವನ್ನು ಮೇಜಿನ ಮೇಲೆ ಮಲಗಿಸಿ, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಮೇಲ್ಮೈಗೆ ಸಮವಾಗಿ ಬಿಟ್ಟೆ. ಅಡ್ಡ ಬೆಳಕಿನಲ್ಲಿ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಕಂಡಿತು ಕೂಡ: ಕ್ಯಾನ್ವಾಸ್ ಬಟ್ಟೆಯ ನೇಯ್ಗೆಯಂಥ ಗೆರೆಗಳು, ಅಲ್ಲಲ್ಲಿ ಕುಂಚ ಎಳೆದಂಥ ಗುರುತುಗಳು, ಮೇಲೆ ಹಳದಿಗೆ ತಿರುಗಿದ ವಾರ್ನಿಶ್. ಚಿಕ್ಕಪ್ಪನಿಗೆ ಖುಷಿಯೋ ಖುಷಿ. "ನೋಡಿದ್ಯಾ ಮಗಾ, ಬ್ರಷ್ಷಿನ ಗುರ್ತು!"

ಆದರೆ ಆ ಗುರುತುಗಳಿಗೂ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ. ಗಡ್ಡ ಬರೆಯುವವನ ಕುಂಚ ಗಡ್ಡ ಇಳಿದ ದಿಕ್ಕಿಗೇ ಇಳಿಯಬೇಕು, ಕೋಟಿನ ಮಡಿಕೆ ಬರೆಯುವಾಗ ಮಡಿಕೆಯ ಜೊತೆಗೇ ತಿರುಗಬೇಕು. ಇಲ್ಲಿ ಗಡ್ಡದ ಮೇಲೆ ಶುರುವಾದ ಗೀರು ಕೊರಳಪಟ್ಟಿ ದಾಟಿ, ಹಿನ್ನೆಲೆಯ ಕಂದುಬಣ್ಣದಲ್ಲಿ ಹೋಗಿ ಮುಗಿಯುತ್ತಿತ್ತು. ಅಚ್ಚಾದ ಮೇಲೆ ಉಬ್ಬು ಕೆತ್ತನೆಯ ರೋಲರ್ ಅಥವಾ ಹಲಗೆಯಲ್ಲಿ ಒತ್ತಿ ತೈಲಚಿತ್ರದ ವೇಷ ಹಾಕಿಸುವ ಕ್ರಮ ಇದು. ಇಂಥ ಮುದ್ರಣಕ್ಕೆ ಓಲಿಯೋಗ್ರಾಫ್ ಅನ್ನುತ್ತಾರೆ. ಯುರೋಪಿನಲ್ಲಿ 19ನೇ ಶತಮಾನದ ಎರಡನೇ ಅರ್ಧದಲ್ಲಿ, ತೈಲಚಿತ್ರ ಕೊಳ್ಳುವ ಶಕ್ತಿಯಿಲ್ಲದ ಮನೆಗಳ ಗೋಡೆಗಾಗಿ ಇವನ್ನು ಮೂಟೆಗಟ್ಟಲೆ ಮಾಡಿ ಮಾರಿದರು.

ಬೆಳಿಗ್ಗೆ ಚಿಕ್ಕಮಗಳೂರಿಗೆ ಬಂದು ಎಂ.ಜಿ. ರಸ್ತೆಯ ವಾಚ್ ರಿಪೇರಿಯವರೊಬ್ಬರಿಂದ ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗಾಜನ್ನು ಎರವಲು ತಂದೆ. ಈ ಒಂದು ಗಾಜು ಇಲ್ಲದೆ ಪಟದ ಬೆಲೆಯ ಮಾತು ಎತ್ತುವುದೇ ದಂಡ. ಮೊದಲು ಅಡುಗೆಮನೆಯ ಕ್ಯಾಲೆಂಡರಿನ ದೇವರ ಮುಖದ ಮೇಲೆ ಇಟ್ಟು ನೋಡಿದೆ: ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ, ಒಂದೇ ಅಂತರದಲ್ಲಿ, ಪುಟ್ಟ ಪುಟ್ಟ ವೃತ್ತಗಳಲ್ಲಿ ಕೂತಿವೆ. ಇದು ಆಫ್‌ಸೆಟ್, ಚುಕ್ಕೆಗಳನ್ನು ಜಾಲರಿ ಪರದೆ ಮಾಡಿಕೊಟ್ಟಿದೆ. ಆಮೇಲೆ ದೊರೆಯ ಕೆನ್ನೆಯ ಮೇಲೆ ಇಟ್ಟೆ. ಇಲ್ಲಿಯೂ ಚುಕ್ಕೆಗಳೇ, ಆದರೆ ಒಂದು ದಪ್ಪ, ಒಂದು ಸಣ್ಣ, ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ. ಬಣ್ಣಗಳೂ ನಾಲ್ಕಕ್ಕೆ ನಿಂತಿರಲಿಲ್ಲ: ಗುಲಾಬಿ, ತೆಳುಕಂದು, ಬೂದು, ಎರಡು ಬಗೆಯ ನೀಲಿ, ಮೂರು ಬಗೆಯ ಕೆಂಪು. ನೀಲಿ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಕೆಂಪು ನೀಲಿಯ ಮೇಲೆ ಹತ್ತಿತ್ತು. ಕಲ್ಲಚ್ಚಿನ ಲಕ್ಷಣ ಇದೇ.

ಕಲ್ಲಚ್ಚನ್ನು 1796ರ ಸುಮಾರಿಗೆ ಕಂಡುಹಿಡಿದವನು ಬವೇರಿಯಾದ ಆಲೋಯಿಸ್ ಸೆನೆಫೆಲ್ಡರ್. ಅಲ್ಲಿನ ಸೋಲ್ನ್‌ಹೋಫೆನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿ ಹಾಯಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಹತ್ತು ಹದಿನೈದು ಸಲ ಯಂತ್ರದೊಳಗೆ ಹೋಗಿ ಬರಬೇಕು, ಪ್ರತಿ ಸಲವೂ ಹಿಂದಿನ ಬಣ್ಣದ ಮೇಲೆ ಸರಿಯಾಗಿ ಕೂರಬೇಕು. ನನ್ನ ಗಾಜಿಗೆ ಸಿಕ್ಕಿದ ಆ ದೊರಗು ಚುಕ್ಕೆಗಳನ್ನು ಹಾಕಿದ್ದು ಕಲ್ಲಿನ ಮುಂದೆ ಕೂತ ಕೂಲಿ ಚಿತ್ರಗಾರನ ಕೈ. ಹೆಸರಿಲ್ಲದ ಆ ಕೈಯ ಕೆಲಸ ನೋಡುತ್ತಾ ಅರ್ಧ ಬೆಳಗ್ಗೆ ಕಳೆದಿದ್ದು ನಿಜ. ಬರೀ ಕಣ್ಣಿಗೆ ಬೂದು ಗಡ್ಡ. ಗಾಜಿನಲ್ಲಿ ಗುಲಾಬಿ, ನೀಲಿ, ಹಸಿರು.

ಹೀಗೆ ತೈಲಚಿತ್ರದ ಮಾತು ಮುಗಿಯಿತು. ಚಿಕ್ಕಪ್ಪ ಸುಲಭಕ್ಕೆ ಬಿಡುವವರಲ್ಲ. "ರವಿವರ್ಮನೂ ಪ್ರೆಸ್ ಇಟ್ಟಿದ್ನಲ್ಲ? ಅದ್ರಲ್ಲೇ ಆಗಿರ್ಬೋದು." ಮಾತು ತಳ್ಳಿಹಾಕುವಂಥದ್ದಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದು ಹೌದು, ಅದಕ್ಕೆ ಜರ್ಮನಿಯ ಯಂತ್ರ, ಜರ್ಮನ್ ಕೆಲಸಗಾರರನ್ನು ತರಿಸಿದ್ದು ಹೌದು. ಆಮೇಲೆ ಅದು ಲೋನಾವಳ ಹತ್ತಿರದ ಮಳವಲಿಗೆ ಹೋಯಿತು, ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ನನ ಕೈಗೆ ಬಂತು. ನಮ್ಮ ಮಲೆನಾಡಿನ ಎಷ್ಟೋ ಮನೆಗಳ ಲಕ್ಷ್ಮಿ, ಸರಸ್ವತಿ ಪಟಗಳು ಅಲ್ಲಿಂದಲೇ ಬಂದವು. ಆದರೆ ಆ ಪ್ರೆಸ್ಸಿನ ಅಚ್ಚುಗಳ ಕೆಳಗಿನ ಅಂಚಿನಲ್ಲಿ ಸಾಮಾನ್ಯವಾಗಿ ಪ್ರೆಸ್ಸಿನ ಹೆಸರಿರುತ್ತದೆ. ನಮ್ಮ ಪಟದಲ್ಲಿ ಅಂಚೇ ಕಾಣುತ್ತಿರಲಿಲ್ಲ. ಚಿತ್ರ ನೇರವಾಗಿ ಚೌಕಟ್ಟಿನೊಳಗೆ ಮುಳುಗಿತ್ತು. ಅಂಚನ್ನು ಕತ್ತರಿಸಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಬಿಚ್ಚಿ ನೋಡದೆ ಬೇರೆ ದಾರಿ ಇರಲಿಲ್ಲ.

ಬಿಚ್ಚುವ ಮುಂಚೆ ಇನ್ನೊಂದು ನಡೆಯಿತು. ಪಾಲಿನ ಪಟ್ಟಿಗಾಗಿ ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿಗಳನ್ನು ಇಸವಿವಾರು ಜೋಡಿಸುತ್ತಿದ್ದೆ. ನಮ್ಮಲ್ಲಿ ಅವನ್ನು ರಾಣಿ ರೂಪಾಯಿ, ಕಿರೀಟದ ರೂಪಾಯಿ, ಬೋಳುತಲೆ ರೂಪಾಯಿ ಎಂದು ಕರೆಯುವುದು. ರಾಣಿ ಎಂದರೆ ವಿಕ್ಟೋರಿಯಾ, ಕಿರೀಟದವನು ಐದನೇ ಜಾರ್ಜ್. ನಡುವಿನ ಬೋಳುತಲೆಯವನು ಏಳನೇ ಎಡ್ವರ್ಡ್. 1903ರಿಂದ 1910ರವರೆಗೆ ಅಚ್ಚಾದ ಅವನ ರೂಪಾಯಿಯಲ್ಲಿ ತಲೆಗೆ ಕಿರೀಟವಿಲ್ಲ. ಒಂದು ನಾಣ್ಯ ಕೈಯಲ್ಲಿ ಹಿಡಿದುಕೊಂಡೇ ಪಟದ ಮುಂದೆ ಹೋಗಿ ನಿಂತೆ. ಹಣೆ, ಮೂಗು, ಗಡ್ಡದ ಕತ್ತರಿ, ಕಣ್ಣಿನ ಕೆಳಗಿನ ಚೀಲ, ಎಲ್ಲ ಅದೇ. ಆಮೇಲೆ ನೀಲಿ ಪಟ್ಟಿ, ನಕ್ಷತ್ರದ ಅರ್ಥವೂ ಹತ್ತಿತು: ಎಡಭುಜದಿಂದ ಇಳಿಯುವ ಆ ನೀಲಿ ಪಟ್ಟಿ ಗಾರ್ಟರ್ ಎಂಬ, ಇಂಗ್ಲೆಂಡಿನ ಅತ್ಯುನ್ನತ ರಾಜಬಿರುದಿನದು. ಬಾಬಾಬುಡನ್‌ಗಿರಿ ತಪ್ಪಲಿನ ಕಾಫಿ ಪ್ಲಾಂಟರ್ ಎಷ್ಟೇ ದೊಡ್ಡವನಾದರೂ ಅದನ್ನು ಹಾಕಿಕೊಂಡು ಚಿತ್ರಕ್ಕೆ ಕೂರುವ ಹಾಗಿರಲಿಲ್ಲ.

ದೊಡ್ಡಪ್ಪ ನಾಣ್ಯವನ್ನೂ ಪಟವನ್ನೂ ಬಹಳ ಹೊತ್ತು ನೋಡಿದರು. "ಗಡ್ಡ ಬಿಟ್ಟ ಬಿಳಿಯರೆಲ್ಲ ಒಂದೇ ಥರ ಕಾಣ್ತಾರೆ ಬಿಡು ಮಗಾ," ಅಂದರು.

ಚೌಕಟ್ಟು ಬಿಚ್ಚಲು ಹಾಸನಕ್ಕೆ ಹೋದೆ. ಬಿ.ಎಂ. ರಸ್ತೆಯಿಂದ ಒಳಗೆ ಕಟ್ಟು ಹಾಕುವ ಅಂಗಡಿ ಇಟ್ಟಿರುವ ಒಬ್ಬ ಹಿರಿಯರು ನನ್ನ ಗೆಳತಿಗೆ ಪರಿಚಯ. ಅವರ ತಂದೆಯೂ ಇದೇ ಕಸುಬಿನವರು. ಬೇಲೂರು ದಾರಿಯ ಬಸ್ಸಿನಲ್ಲಿ ಪಟವನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋದದ್ದು ಒಂದು ಬೇರೆಯೇ ಪಾಡು, ಅದು ಇಲ್ಲಿ ಬೇಡ.

ಅವರು ಮೊದಲು ನೋಡಿದ್ದು ಮೊಳೆ. ನಯವಾದ, ದುಂಡಗಿನ, ತಂತಿಯಿಂದ ಮಾಡಿದ ಸಣ್ಣ ಮೊಳೆಗಳು. ಹಿಂಬದಿಗೆ ಪ್ಲೈವುಡ್. "ಇದು ನಮ್ಮಪ್ಪನ ಕಾಲದ ಕೆಲ್ಸ ಮೇಡಂ, ದೊರೆ ಕಾಲದ್ದಲ್ಲ," ಅಂದರು. ಮೊಳೆ ಒಂದೊಂದಾಗಿ ಕಿತ್ತು ಪ್ಲೈವುಡ್ ಎತ್ತಿದರೆ ಒಳಗೆ ಮೆತ್ತೆಗೆ ಹಾಕಿದ್ದ ಪ್ರಜಾವಾಣಿಯ ಹಾಳೆ, 1956ರದು. ಪ್ರಜಾವಾಣಿ ಶುರುವಾದದ್ದೇ 1948ರಲ್ಲಿ. ಹಳೇ ಪೇಪರನ್ನು ಎಷ್ಟು ವರ್ಷ ಬಿಟ್ಟಾದರೂ ಬಳಸಬಹುದು, ಹಾಗಾಗಿ ಈ ಹಾಳೆ ಹೇಳುವುದು ಇಷ್ಟೇ: ಈ ಕಟ್ಟು 1956ಕ್ಕಿಂತ ಹಿಂದಿನದಲ್ಲ. ಮುತ್ತಜ್ಜ ತೋಟ ಕೊಂಡ ಕ್ರಯಪತ್ರ 1940ರ ದಶಕದ್ದು. ಅಂದರೆ ತೋಟದ ಬಂಗಲೆಯಿಂದ ಪಟ ಬಂದಿದ್ದರೂ ಈ ಚೌಕಟ್ಟಿನಲ್ಲಿ ಬಂದಿಲ್ಲ. ಪಟಕ್ಕೊಂದು ವಯಸ್ಸು, ಚೌಕಟ್ಟಿಗೊಂದು, ಮನೆಯ ಕಥೆಗೊಂದು. ಮೂರನ್ನೂ ಒಂದೇ ದಿನ ಹುಟ್ಟಿಸಿದ್ದರಿಂದಲೇ ನಮ್ಮ ಜಗಳ ಬಗೆಹರಿಯದೆ ಉಳಿದಿತ್ತು.

ಪೇಪರ್ ತೆಗೆದ ಮೇಲೆ ಪಟದ ಬೆನ್ನು ಕಂಡಿತು. ಆ ಕಟ್ಟಿನವರು ಅಂಚನ್ನು ಕತ್ತರಿಸಿರಲಿಲ್ಲ. ಚೌಕಟ್ಟಿನ ಅಳತೆಗೆ ಹೆಚ್ಚಾಗಿದ್ದ ಎರಡು ಬೆರಳಗಲದ ಭಾಗವನ್ನು ಹಿಂದಕ್ಕೆ ಮಡಚಿ ಮೈದಾ ಅಂಟು ಹಾಕಿ ಬಿಟ್ಟಿದ್ದರು. ಅಂಟು ಒಣಗಿ ಪುಡಿಯಾಗಿತ್ತು, ಮಡಿಕೆ ತಾನಾಗೇ ಸ್ವಲ್ಪ ತೆರೆದುಕೊಂಡಿತು. ಪೂರ್ತಿ ಬಿಡಿಸಲು ನಾನು ಬಿಡಲಿಲ್ಲ; ಅಷ್ಟು ವರ್ಷ ಮಡಚಿಕೊಂಡ ಕಾಗದ ಬಿಡಿಸಿದ ಗೆರೆಯಲ್ಲೇ ಮುರಿಯುತ್ತದೆ. ಟಾರ್ಚ್ ಬಿಟ್ಟು, ಬೆನ್ನಿಗೆ ಮಡಚಿದ ಅಂಚಿನ ಮೇಲೆ ತಲೆಕೆಳಗಾಗಿ ಕಾಣುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಇಬ್ಬರೂ ಸೇರಿ ಓದಿದೆವು. ದೊಡ್ಡ ಅಕ್ಷರದಲ್ಲಿ ಏಳನೇ ಎಡ್ವರ್ಡ್ ದೊರೆ, ಚಕ್ರವರ್ತಿ ಎಂದಿತ್ತು. ಅದರ ಕೆಳಗೆ ಪಟ್ಟಾಭಿಷೇಕ, ಜೂನ್ 26, 1902. ಬಲಮೂಲೆಯಲ್ಲಿ ಇರುವೆಗಾತ್ರದಲ್ಲಿ: ಪ್ರಿಂಟೆಡ್ ಇನ್ ಜರ್ಮನಿ.

ಮುದ್ರಕನ ಹೆಸರಿಲ್ಲ. ಆದರೂ ಆ ಮೂರು ಪದ ಸಣ್ಣ ಸಾಕ್ಷಿಯಲ್ಲ. ಬೇರೆ ದೇಶದಲ್ಲಿ ತಯಾರಾದ ಸರಕು ಬ್ರಿಟಿಷ್ ಹೆಸರು ಹೊತ್ತು ಮಾರಾಟವಾಗಬಾರದೆಂದು ಬ್ರಿಟನ್ 1887ರಲ್ಲಿ ಕಾನೂನು ಮಾಡಿತು. ಆಮೇಲೆ ಇಂಥ ಗುರುತು ಎಲ್ಲೆಡೆ ಕಾಣಿಸಿಕೊಂಡಿತು. ಬಣ್ಣದ ಕಲ್ಲಚ್ಚಿನಲ್ಲಿ ಜರ್ಮನಿಯವರು ಅಗ್ಗಕ್ಕೂ ಅಚ್ಚುಕಟ್ಟಿಗೂ ಹೆಸರಾಗಿದ್ದರು. ಇಂಗ್ಲೆಂಡಿನ ದೊರೆಯ ಪಟವೇ ಜರ್ಮನಿಯಲ್ಲಿ ಅಚ್ಚಾಗಿ ಇಂಗ್ಲಿಷರಿಗೆ ಮಾರಾಟವಾಗುತ್ತಿತ್ತು.

ಹಾಸನದಲ್ಲೇ ನಾಣ್ಯ, ಅಂಚೆಚೀಟಿ ಕೂಡಿಡುವ ಒಬ್ಬರಿಗೆ ಫೋಟೋ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೇಡಂ, ತಾರೀಕು ತಪ್ಪು! ಪಟ್ಟಾಭಿಷೇಕ ಆಗಿದ್ದು ಆಗಸ್ಟ್ 9ಕ್ಕೆ. ತಪ್ಪು ಅಚ್ಚು ಅಂದ್ರೆ ಸ್ಟಾಂಪಲ್ಲಾದ್ರೆ ಏನ್ ರೇಟು ಗೊತ್ತಾ?" ಈ ಸುದ್ದಿ ನಾನು ಊರು ಮುಟ್ಟುವ ಮೊದಲೇ ಚಿಕ್ಕಪ್ಪನಿಗೆ ಮುಟ್ಟಿತ್ತು, ಫೋನಿನಲ್ಲಿ ಅವರ ದನಿಯೇ ಬೇರೆಯಾಗಿತ್ತು.

ಆಗಸ್ಟ್ 9 ಅನ್ನುವುದು ಸರಿ. ಪಟ್ಟಾಭಿಷೇಕ ಜೂನ್ 26ಕ್ಕೆ ಗೊತ್ತಾಗಿತ್ತು. ಎರಡು ದಿನ ಮುಂಚೆ, 24ರಂದು, ದೊರೆಗೆ ಹೊಟ್ಟೆಯ ಕರುಳುಬಾಲದ ಹತ್ತಿರ ಕೀವು ಕಟ್ಟಿದ್ದಕ್ಕೆ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಆಪರೇಷನ್ ಮಾಡಬೇಕಾಯಿತು; ಕೊಯ್ದವರು ಫ್ರೆಡರಿಕ್ ಟ್ರೀವ್ಸ್. ಸಮಾರಂಭ ಆಗಸ್ಟಿಗೆ ಹೋಯಿತು. ಆದರೆ ಪಟ, ಲೋಟ, ತಟ್ಟೆ, ಪದಕ ಮಾಡುವವರು ತಿಂಗಳುಗಳ ಮುಂಚೆಯೇ ಜೂನ್ 26ರ ತಾರೀಕು ಹಾಕಿ ಮಾಲು ತಯಾರು ಮಾಡಿ ಅಂಗಡಿಗಳಿಗೆ ಕಳಿಸಿಯಾಗಿತ್ತು. ಹಾಗಾಗಿ ಇವತ್ತು ಸಿಗುವ ಆ ಪಟ್ಟಾಭಿಷೇಕದ ಸಾಮಾನುಗಳಲ್ಲಿ ಜೂನ್ 26ರವೇ ಧಾರಾಳ. ತಪ್ಪು ತಾರೀಕಿನಿಂದ ನಮಗೆ ಸಿಕ್ಕ ಲಾಭ ಬೇರೆ: ಈ ಹಾಳೆ 1902ರ ಜೂನ್ 24ಕ್ಕಿಂತ ಮುಂಚೆ ಕಲ್ಲಿನಿಂದ ಇಳಿದದ್ದು ಅನ್ನುವುದು ಹೆಚ್ಚುಕಡಿಮೆ ಖಚಿತವಾಯಿತು. ವಯಸ್ಸು ಇಷ್ಟು ಕರಾರುವಾಕ್ಕಾಗಿ ಗೊತ್ತಾಗುವುದು ಹಳೇ ಪಟಗಳಲ್ಲಿ ಅಪರೂಪ.

ಹೀಗೆ ಓದುತ್ತಾ ಇನ್ನೊಂದು ತಾರೀಕು ಎದುರಾಯಿತು. ವೈಸರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ಣಾಧಿಕಾರ ಒಪ್ಪಿಸಿದ್ದು 1902ರ ಆಗಸ್ಟ್ 8ರಂದು, ಲಂಡನ್ನಿನ ಪಟ್ಟಾಭಿಷೇಕದ ಹಿಂದಿನ ದಿನ. ನಮ್ಮ ಸೀಮೆ ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಆ ಆಗಸ್ಟಿನಲ್ಲಿ ಕಾಫಿ ಬಂಗಲೆಗಳಲ್ಲಿ ಎರಡು ದೊರೆಗಳ ಹೆಸರಿನಲ್ಲಿ ಎಷ್ಟು ಬಾಟಲಿ ಖಾಲಿಯಾಗಿರಬಹುದು ಎಂದು ಯೋಚಿಸಿದೆ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಹಾಳೆ ಆಮೇಲಿನ ಮರುಮುದ್ರಣ ಇರಬಹುದೇ ಎಂಬ ಒಂದು ಅನುಮಾನ ಉಳಿದಿತ್ತು. ಅದಕ್ಕೆ ನಮ್ಮ ಕ್ಯಾಷ್ ಕೌಂಟರಿನಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಸಾಕಾಯಿತು. ಸುಮಾರು 1950ರಿಂದ ಈಚೆಗೆ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ ಆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಆಫೀಸಿನ ಬಿಲ್ ಬುಕ್ಕು ಹೊಳೆಯಿತು. ಮಡಚಿದ ಅಂಚಿನ ಬರಿ ಕಾಗದ ಹೊಳೆಯಲಿಲ್ಲ, ಮಂಕಾಗಿ ಕಂದಾಗಿಯೇ ಉಳಿಯಿತು. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ಸಾಬೀತಾಗುವುದಿಲ್ಲ. ಹೊಳೆದಿದ್ದರೆ ಮಾತ್ರ ಹೊಸದೆಂದು ಸಾಬೀತಾಗುತ್ತಿತ್ತು.

ಈಗ ಬೆಲೆ ಕೇಳಬಹುದು ಅನಿಸಿತು. ಹಳೇ ಮನೆ ಕೆಡವುವ ಕಡೆ ಕಂಬ, ಬಾಗಿಲು, ಪೆಟ್ಟಿಗೆ ಕೊಳ್ಳುವ ವ್ಯಾಪಾರಿಯೊಬ್ಬರನ್ನು ಕರೆಸಿದೆ. ಬಂದವರು ದೊರೆಯ ಮುಖ ನೋಡಲೇ ಇಲ್ಲ. ಚೌಕಟ್ಟನ್ನು ಕೈಯಲ್ಲಿ ತೂಗಿ, ತಿರುಗಿಸಿ, ಪಾಲಿಶ್ ತಾಗದ ಒಳಬದಿಯನ್ನು ಚಾಕುವಿನ ತುದಿಯಲ್ಲಿ ಗೀರಿದರು. ಕಡು ನೇರಳೆ ಗೆರೆಯ ಮರ. "ಬೀಟೆ," ಅಂದರು. "ಮೂರು ಸಾವ್ರ ಕೊಡ್ತೀನಿ. ಪಟ ಬೇಕಾದ್ರೆ ನೀವೇ ಇಟ್ಕೊಳಿ." ದೊಡ್ಡಪ್ಪ ಎದ್ದು ಒಳಗೆ ಹೋದರು. ನನಗೆ ಮಾತ್ರ ಆ ವ್ಯಾಪಾರಿಯ ಮಾತು ತುಂಬ ಉಪಕಾರವಾಯಿತು, ಏಕೆಂದರೆ ದುಡ್ಡು ಕೈಯಲ್ಲಿ ಹಿಡಿದು ಇಷ್ಟು ಎಂದು ಹೇಳಿದ ಮೊದಲ ಮನುಷ್ಯ ಆತ.

ಅತ್ತ ಚಿಕ್ಕಪ್ಪನ ಮಗ ಮ್ಯಾಂಚೆಸ್ಟರಿನಿಂದ ಇಂಟರ್‌ನೆಟ್ಟಿನ ಬೆಲೆಗಳನ್ನು ಕಳಿಸುತ್ತಿದ್ದ. ಒಬ್ಬ ಇಂಥದ್ದೇ ಪಟಕ್ಕೆ ನಾನೂರು ಪೌಂಡ್ ಬರೆದುಕೊಂಡಿದ್ದಾನೆ, ನೋಡಕ್ಕ, ಎಂದ. ಬರೆದುಕೊಂಡದ್ದು ಸರಿ, ಹೋಯಿತೇ? ಬೆಲೆ ಕಟ್ಟುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಕಲ್ಲು ಇದು. ಕೇಳುವ ಬೆಲೆಗೆ ಯಾರಪ್ಪಣೆಯೂ ಬೇಕಿಲ್ಲ. ಮಾರಾಟವಾಗಿ ಮುಗಿದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಒತ್ತಿ ನೋಡು ಎಂದೆ. ಆ ಪಟ್ಟಿಯಲ್ಲಿ ಎಡ್ವರ್ಡ್ ದೊರೆಯ ಅಂಥ ಅಚ್ಚುಗಳು ಹೆಚ್ಚಿನವು ಹತ್ತಿಪ್ಪತ್ತು ಪೌಂಡಿನಿಂದ ಐವತ್ತರ ಆಸುಪಾಸಿನಲ್ಲಿ ಹೋಗಿದ್ದವು. ಅವುಗಳ ಅಂಚು ಮಡಚಿರಲಿಲ್ಲ, ಹೊಗೆಯೂ ಕುಡಿದಿರಲಿಲ್ಲ. ಆ ದೊರೆಯ ಮುಖ ಅಪರೂಪದ್ದಲ್ಲ, ಅವನ ಪಟ್ಟಾಭಿಷೇಕಕ್ಕೆ ಅಚ್ಚಾದ ಹಾಳೆಗಳಿಗೆ ಲೆಕ್ಕವಿಲ್ಲ, ಈಗ ಅವನನ್ನು ಗೋಡೆಗೆ ಹಾಕಿಕೊಳ್ಳುವವರು ಕಡಿಮೆ. ಇದೇ ಕಾಲದ, ಇದೇ ಬಗೆಯ ಕಲ್ಲಚ್ಚಿನಲ್ಲಿ ನಮ್ಮ ಮಹಾರಾಜರ ಪಟವಿದ್ದಿದ್ದರೆ ಮೈಸೂರು, ಬೆಂಗಳೂರಿನಲ್ಲೇ ಕೊಳ್ಳುವವರು ಸಿಗುತ್ತಿದ್ದರು.

"ಪಾರ್ಸೆಲ್ ಮಾಡಿ ಕಳ್ಸಿ, ನಾನಿಲ್ಲಿ ಮಾರ್ತೀನಿ," ಎಂದೂ ಅವನು ಹೇಳಿದ. ಅದಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಅಡ್ಡ ಬರುತ್ತದೆ. ನೂರು ವರ್ಷ ತುಂಬಿದ ಕಲಾಕೃತಿ, ನಾಣ್ಯ ಮೊದಲಾದವು ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥದ್ದನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆಯವರು ದೇಶದಾಚೆ ಕಳಿಸುವಂತಿಲ್ಲ. ನಮ್ಮ ಪಟಕ್ಕೆ 2002ರಲ್ಲೇ ನೂರಾಯಿತು. ಸಾವಿರಗಟ್ಟಲೆ ಅಚ್ಚಾದ ಹಾಳೆ ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ನಾನೂ ಅಲ್ಲ, ಕೊರಿಯರಿನವರೂ ಅಲ್ಲ. ಮೂವತ್ತು ಪೌಂಡಿಗಾಗಿ ಆ ಅರ್ಜಿ ಹಿಡಿದು ಅಲೆಯುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಪೌಂಡಿನ ಲೆಕ್ಕ ಬಿಟ್ಟು ಇಲ್ಲಿನ ಪೇಟೆಯನ್ನೇ ಹಿಡಿದೆ. ಒಂದು ಹರಾಜು ಸಂಸ್ಥೆಗೆ ಅಳತೆ, ಫೋಟೋ ಸಮೇತ ಬರೆದಿದ್ದೆ. ನಾವು ತೆಗೆದುಕೊಳ್ಳುವ ಕನಿಷ್ಠ ಬೆಲೆಯ ಕೆಳಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅದೂ ಒಂದು ಬೆಲೆಯೇ.

ಸ್ಥಿತಿಯ ವಿಚಾರಕ್ಕೆ ಬಂದರೆ, ಒಂದು ಮೂಲೆಯಲ್ಲಿ ಚಿತ್ರ ಗಾಜಿಗೆ ಅಂಟಿತ್ತು. ವಾರ್ನಿಶ್ ಹಚ್ಚಿದ ಹಾಳೆಯನ್ನು ನಡುವೆ ಅಂತರ ಕೊಡದೆ ಗಾಜಿನಡಿ ಒತ್ತಿ ಕೂರಿಸಿದರೆ, ನಮ್ಮ ಮಲೆನಾಡಿನ ಶೀತ ಅದನ್ನು ಬಿಡುವುದಿಲ್ಲ. ಬೆಳ್ಳಿಹುಳ ಕೆಳಗಿನ ಅಂಚನ್ನು ಮೇಯ್ದಿತ್ತು, ಕಂದು ಚುಕ್ಕೆಗಳು ಹಿನ್ನೆಲೆಯ ತುಂಬ ಎದ್ದಿದ್ದವು. ಬೆಂಗಳೂರಿನಲ್ಲಿ ಹಳೇ ಕಾಗದ ಸಂರಕ್ಷಿಸುವ ಕೆಲಸದವರೊಬ್ಬರನ್ನು ಫೋನಿನಲ್ಲಿ ಕೇಳಿದೆ. ಎಳೆಯಬೇಡಿ, ಗಾಜಿನ ಸಮೇತ ಹಾಗೇ ಇರಲಿ, ಬಿಡಿಸಬೇಕಾದರೆ ನಮ್ಮಲ್ಲಿಗೆ ತನ್ನಿ ಅಂದರು. ಖರ್ಚು ಕೇಳಿದೆ. ಪಟ, ಚೌಕಟ್ಟು ಎರಡೂ ಸೇರಿಸಿ ಮಾರಿದರೂ ಆ ಮೊತ್ತ ಹುಟ್ಟುವುದಿಲ್ಲ. ಪ್ರೀತಿಗಾಗಿ ಮಾಡಿಸಬಹುದು, ಬೆಲೆ ಹೆಚ್ಚಿಸಲೆಂದು ಮಾಡಿಸಬಾರದು.

ಕೊನೆಗೆ ಪಟ್ಟಿಯ ಖಾಲಿ ಜಾಗದಲ್ಲಿ ಬರೆದದ್ದು ಹೀಗೆ: ಏಳನೇ ಎಡ್ವರ್ಡ್ ದೊರೆಯ ಪಟ, ಓಲಿಯೋಗ್ರಾಫ್, ಜರ್ಮನಿ ಮುದ್ರಣ, 1902, ಅಂಚು ಮಡಚಿದೆ, ಮೂಲೆ ಗಾಜಿಗೆ ಅಂಟಿದೆ, ₹2,500. ಬೀಟೆ ಚೌಕಟ್ಟು, 1956 ಅಥವಾ ಆಮೇಲಿನದು, ₹3,500. ಚೌಕಟ್ಟಿಗೆ ವ್ಯಾಪಾರಿ ಹೇಳಿದ್ದಕ್ಕಿಂತ ಐನೂರು ಹೆಚ್ಚು ಹಾಕಿದ್ದೇಕೆ ಎಂದು ಚಿಕ್ಕಪ್ಪ ಕೇಳಿದರು. ಆತ ಕೊಂಡು ಲಾಭಕ್ಕೆ ಮಾರುವವನು, ನಾವು ನಮ್ಮೊಳಗೇ ಹಂಚಿಕೊಳ್ಳುವವರು, ಅವನ ಲಾಭದಲ್ಲಿ ಒಂದು ಪಾಲು ನಮಗೂ ಸೇರಬೇಕು ಅಂದೆ. ಒಪ್ಪಿದರು. ರವಿವರ್ಮನ ಮಾತು ಆಮೇಲೆ ಅವರು ಎತ್ತಲಿಲ್ಲ. ತಾಮ್ರದ ದೊಡ್ಡ ಹಂಡೆ ನನಗಿರಲಿ ಅಂದರು. ತಕ್ಕಡಿಗೆ ಹಾಕಿದರೆ ಅದು ದೊರೆಗಿಂತ ಬಹಳ ಮೇಲೆ ತೂಗಿತು.

ಪಟವನ್ನು ದೊಡ್ಡಪ್ಪ ತಮ್ಮ ಲೆಕ್ಕಕ್ಕೆ ಹಿಡಿದುಕೊಂಡರು. ಹಾಸನದ ಹಿರಿಯರು ಅಂಟಿದ ಗಾಜನ್ನು ಮುಟ್ಟದೆ, ಪ್ಲೈವುಡ್ಡಿನ ಬದಲು ಆಮ್ಲವಿಲ್ಲದ ಬೋರ್ಡ್ ಹಾಕಿ, ಮಡಿಕೆ ಮಡಿಕೆಯಾಗಿಯೇ ಇರುವಂತೆ ಕಟ್ಟಿಕೊಟ್ಟರು. ಪ್ರಜಾವಾಣಿ ಹಾಳೆಯನ್ನೂ, ನಾನು ಬರೆದ ವಿವರದ ಚೀಟಿಯನ್ನೂ ಬೆನ್ನಿಗೆ ಒಂದು ಲಕೋಟೆಯಲ್ಲಿ ಸೇರಿಸಿದೆವು. ಜಗಲಿಯ ಶೀತದ ಗೋಡೆ ಬೇಡವೆಂದು ಹೇಳಿ, ನಡುಮನೆಯ ಒಳಗೋಡೆಗೆ, ಬಿಸಿಲು ತಾಗದ ಕಡೆ ಮೊಳೆ ಹೊಡೆಸಿದೆ. ಚೀಟಿಯನ್ನು ಓದಿ ನೋಡಿದ ದೊಡ್ಡಪ್ಪ ಒಂದು ತಿದ್ದುಪಡಿ ಮಾತ್ರ ಕೇಳಿದರು: "ತೋಟದ ಬಂಗಲೆಯಿಂದ ಬಂದದ್ದು ಅಂತ ಒಂದು ಸಾಲು ಸೇರ್ಸು ಮಗಾ." ಅದಕ್ಕೆ ಕಾಗದದ ಪುರಾವೆ ಇರಲಿಲ್ಲ. "ಮನೆಯವರ ಹೇಳಿಕೆಯಂತೆ" ಎಂದು ಮುಂದೆ ಸೇರಿಸಿ, ಆ ಸಾಲು ಬರೆದುಕೊಟ್ಟೆ.